ಕರಿಬೆಕ್ಕು ಮರೆಯದ ದಾರಿ

ಗೋಣಿಚೀಲದ ವಾಸನೆ ಇಂದಿಗೂ ನನ್ನನ್ನು ನಾಲತವಾಡದ ನಮ್ಮ ಹಳೆಯ ಅಂಗಳಕ್ಕೆ ಎಳೆದೊಯ್ಯುತ್ತದೆ.

ಊರಿಗೆ ಇನ್ನೂ ಕರೆಂಟು ಬಾರದ ಕಾಲ. ಒಂದು ಮಧ್ಯಾಹ್ನ ಕಾಕಾ ನಮ್ಮ ಕರಿಬೆಕ್ಕನ್ನು ಜೋಳದ ಖಾಲಿ ಚೀಲಕ್ಕೆ ತುರುಕಿ, ಬಾಯಿ ಕಟ್ಟಿ, ಗರಗರ ತಿರುಗಿಸುತ್ತಿದ್ದ. ಹಾಲು ಕದ್ದ ಬೆಕ್ಕನ್ನು ಹಳ್ಳದಾಚೆ ಬಿಡುವ ಮುಂಚೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

“ಹಿಂಗ ತಿರುಗಿಸಿದ್ರ ಮನಿ ದಾರಿ ಮರೀತೈತಿ” ಎಂದ ಕಾಕಾ. ಒಳಗಿನ ಕೂಗು ಕೇಳಲಾರದೆ ನಾನು ಚೀಲಕ್ಕೆ ಜೋತುಬಿದ್ದೆ.

ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಬಂದಳು. “ಇಲಿ ಕಾಟ ಅಂತ ಇದನ್ನ ತಂದಾಂವ ನೀನ. ಒಂದು ದಿನರ ಹಾಲು ಹಾಕೀಯೇನ?”

“ಕದ್ದು ಕುಡಿದೈತಿ ಬೇ!”

“ಹಸದಿತ್ತು, ಕುಡೀತು. ಬಿಡಾಕ ಹೊಂಟ್ರ ಬಿಟ್ಟು ಬಾ. ನಾಳಿಂದ ಜ್ವಾಳದ ಚೀಲದ ಮ್ಯಾಲ ನೀ ಕುಂಡ್ರು, ಇಲಿ ಹಿಡಿ.”

ಕಾಕಾನ ಕೈ ಸಡಿಲಿತು. ನಾನು ಹಲ್ಲಿನಿಂದ ಗಂಟು ಬಿಚ್ಚಿದೆ. ಬಾಯಿತುಂಬ ಜೋಳದ ಧೂಳು. ಬೆಕ್ಕು ತೂರಾಡುತ್ತ ಹೊರಬಂದು, ಬಾಲ ನೆಟ್ಟಗೆ ಎತ್ತಿಕೊಂಡು, ನೇರ ಅಡುಗೆಮನೆಗೆ ನಡೆಯಿತು. ದಾರಿ ಚೂರೂ ಮರೆತಿರಲಿಲ್ಲ.

ಅಂದಿನಿಂದ ಕಾಕಾ ಊಟಕ್ಕೆ ಕೂತರೆ, ರೊಟ್ಟಿ ಮುರಿಯುವ ಮುಂಚೆ ಹಾಲಿನ ಬಟ್ಟಲನ್ನು ನೆಲಕ್ಕಿಟ್ಟು ಕರೆಯುತ್ತಿದ್ದ: “ಬಾರವ್ವಾ, ಮೊದಲ ನಿಂದಾಗ್ಲಿ.”