ಒಂದೊಂದು ವೈರೂ ನಾನೇ

ಆ ಮನೆಯ ಗೇಟು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂಬುದೂ ವೇಣುಗೋಪಾಲನಿಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಸ್ನೇಹಾ ಮೇಡಂ ಮುಂದೆ ಹೋದರು. ಸರಳುಗಳ ಸಂದಿಯಲ್ಲಿ ಕೈ ತೂರಿಸಿ ಒಳಗಿನ ಚಿಲಕ ಎಳೆದರು.

‘ಬನ್ನಿ ವೇಣುಗೋಪಾಲ್. ನೀವೇ ಒಂದೊಂದಾಗಿ ತೋರಿಸ್ತಾ ಹೋಗಿ.’

ಮೊನ್ನೆ ಕೋಗಿಲಿನಲ್ಲಿ ಮುಸರ್ರತ್ ಎಂಬ ಬಾಡಿಗೆದಾರಳು ವಾಷಿಂಗ್ ಮೆಷಿನ್ ಮುಟ್ಟಿದವಳೇ ಎಗರಿಬಿದ್ದಿದ್ದಳು. ಜೀವ ಉಳಿದಿದೆ. ಬಲಗೈ ಸುಟ್ಟು ಆಸ್ಪತ್ರೆಯಲ್ಲಿದ್ದಾಳೆ. ಆ ಮನೆಗೆ ಕರೆಂಟು ಸಿಕ್ಕಿದ್ದು ಗುತ್ತಿಗೆದಾರ ವೇಣುಗೋಪಾಲನ ಸಹಿಯ ಮೇಲೆ: ವೈರಿಂಗ್ ನಾನೇ ಮಾಡಿದ್ದೇನೆ, ಅರ್ತಿಂಗ್ ಸರಿಯಿದೆ ಎಂಬ ವರದಿ.

ಕೆಲಸ ಮಾಡಿದವನು ಚನ್ನು. ಚನ್ನುವಿಗೆ ಲೈಸೆನ್ಸ್ ಇಲ್ಲ. ಇಲ್ಲದವರಿಗೆ ಇರುವವರು ಸಹಿ ಹಾಕಿಕೊಡುವುದು ಈ ಕಸುಬಿನಲ್ಲಿ ಹೊಸದೇನಲ್ಲ. ಯಲಹಂಕದ ಹೋಟೆಲೊಂದರಲ್ಲಿ ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ ವೇಣುಗೋಪಾಲ ಸಹಿ ಹಾಕಿದ್ದ. ಮನೆಯನ್ನು ನೋಡಲು ಹೋಗಿರಲೇ ಇಲ್ಲ. ಈಗ ಚನ್ನುವಿನ ಫೋನು ಸ್ವಿಚ್ ಆಫ್.

ಬೆಳಿಗ್ಗೆ ವಿದ್ಯುತ್ ಪರಿವೀಕ್ಷಕರ ಕಚೇರಿಯಿಂದ ಕರೆ ಬಂತು. ಕೋಗಿಲು ಕ್ರಾಸಿನಲ್ಲಿ ನಿಂತಿರಬೇಕಂತೆ. ಪರಿವೀಕ್ಷಕಿ ಸ್ನೇಹಾ ಅವನನ್ನು ಜೀಪಿಗೆ ಹತ್ತಿಸಿಕೊಂಡು ನೇರ ಈ ಗೇಟಿನ ಮುಂದೆ ತಂದು ಇಳಿಸಿದ್ದರು.

ನಾನು ಮಾಡಿಲ್ಲ ಎಂದರೆ, ನೋಡದ ಮನೆಗೆ ಸಹಿ ಹಾಕಿದ ತಪ್ಪಿಗೆ ಲೈಸೆನ್ಸ್ ಹೋಗುತ್ತದೆ. ಮಾಡಿದ್ದೇನೆ ಎಂದರೆ, ಮುಸರ್ರತ್ ಬಿದ್ದದ್ದಕ್ಕೆ ತಾನೇ ಹೊಣೆ. ಉಳಿದದ್ದು ಒಂದೇ ದಾರಿ. ಕೆಲಸ ನೆಟ್ಟಗಿತ್ತು, ಆಮೇಲೆ ಬಾಡಿಗೆದಾರರು ಏನೋ ಕೆದಕಿಕೊಂಡರು ಎಂದು ಸಾಧಿಸಬೇಕು. ಅದಕ್ಕೆ ಮೊದಲು ಮನೆಯ ಮೂಲೆಮೂಲೆಯೂ ಗೊತ್ತಿದ್ದವನಂತೆ ಓಡಾಡಬೇಕು.

ಬಾಗಿಲು ತೆರೆದ ಅಜ್ಜಿ ಯಾರು, ಏನು ಎಂದು ಕೇಳಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮನೆ ಮಾಲೀಕಳಿರಬೇಕು. ವೇಣುಗೋಪಾಲ ಕೈಮುಗಿದ.

‘ಮೇನ್ ಬೋರ್ಡ್ ಎಲ್ಲಿ?’ ಸ್ನೇಹಾ ಕೇಳಿದರು.

ಇಂಥ ಸೈಟುಗಳಲ್ಲಿ ಬೋರ್ಡಿಗೆ ಸಿಗುವ ಜಾಗವೇ ಒಂದು. ‘ಮೆಟ್ಟಿಲ ಕೆಳಗೆ ಕೊಟ್ಟಿದ್ದೀನಿ ಮೇಡಂ.’

ಅಲ್ಲೇ ಇತ್ತು. ಬಾಗಿಲು ತೆಗೆದು ನೋಡಿದವನಿಗೆ ನಂಬಲಾಗಲಿಲ್ಲ. ವೈರುಗಳು ಬಾಚಿ ಹೆಣೆದ ಜಡೆಯಂತೆ ಸಾಲಾಗಿ ಇಳಿದಿದ್ದವು. ಕರೆಂಟು ಸೋರಿದ ಕ್ಷಣ ಸಂಪರ್ಕ ಕಡಿಯುವ ಬ್ರೇಕರ್ ಕೂಡ ಇತ್ತು. ಅದರ ಪರೀಕ್ಷೆಯ ಬಟನ್ ಒತ್ತಿದ. ಟಕ್ ಎಂದು ಬಿತ್ತು. ಮನೆಯೊಳಗೆ ಫ್ಯಾನು ನಿಂತಿತು.

‘ಅರ್ತಿಂಗ್ ಗುಂಡಿ?’

ತೇವವಿರುವ ಮಣ್ಣು ಹುಡುಕುತ್ತ ಅವನ ಕಣ್ಣು ಅಂಗಳವನ್ನೆಲ್ಲ ಸುತ್ತಿತು. ‘ಆ ಕರಿಬೇವಿನ ಗಿಡದ ಪಕ್ಕ.’

ಸ್ನೇಹಾ ಗಿಡದ ಬುಡದ ಹೂಕುಂಡವೊಂದನ್ನು ಕಾಲಿನಿಂದ ಸರಿಸಿದರು. ಕೆಳಗೆ ಸಿಮೆಂಟಿನ ಮುಚ್ಚಳ. ಮೀಟರು ಹಚ್ಚಿ ನೋಡಿದರು. ಎಲ್ಲ ಸರಿಯಾಗಿತ್ತು.

ವೇಣುಗೋಪಾಲನಿಗೆ ನಿರಾಳವಾಯಿತು. ಮೂರು ದಿನದಿಂದ ಶಾಪ ಹಾಕುತ್ತಿದ್ದ ಬಾಯಲ್ಲೇ ಚನ್ನುವನ್ನು ಹರಸಿದ. ಹಾಳಾದವನು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಾನೆಂದು ಯಾರಿಗೆ ಗೊತ್ತಿತ್ತು!

ಹಿತ್ತಿಲ ಬಚ್ಚಲಿನಲ್ಲಿ ವಾಷಿಂಗ್ ಮೆಷಿನ್ ಇತ್ತು.

‘ಇದೇ ತಾನೆ ಮೇಡಂ?’

‘ಇಲ್ಲಿರೋದು ಇದೊಂದೇ.’

ಸುಟ್ಟ ಗುರುತಿಲ್ಲ, ಕಪ್ಪಿಲ್ಲ. ‘ನೋಡಿ, ಒರೆಸಿಬಿಟ್ಟಿದ್ದಾರೆ. ಪ್ಲಗ್ ಕೂಡ ಬದಲಾಯ್ಸಿರ್ತಾರೆ. ನಾವು ಎಷ್ಟೇ ಕಷ್ಟಪಟ್ಟು ಮಾಡಿದ್ರೂ ಬಾಡಿಗೆಯವರು ಕೈಯಾಡಿಸ್ತಾರೆ ಮೇಡಂ. ಆಮೇಲೆ ನಮ್ಮ ತಲೆಗೆ ಕಟ್ತಾರೆ.’

‘ಹೌದೇನ್ರಿ?’ ಎಂದರು ಸ್ನೇಹಾ.

ಅಜ್ಜಿ ಕಾಫಿ ತಂದಳು. ಅವನ ಮುಂದೆ ಸಕ್ಕರೆ ಡಬ್ಬಿ ಇಟ್ಟಳು. ಸ್ನೇಹಾ ಲೋಟ ಎತ್ತಿ ಹಾಗೇ ಕುಡಿದರು.

‘ಅಲ್ಲೋ ತಮ್ಮಾ, ನೀ ಕರೆಂಟಿನಾಂವ ಏನು? ಅಡಿಗಿಮನಿಯಾಗ ಮಿಕ್ಸರ್ ಪ್ಲಗ್ಗು ಇಷ್ಟ ಮ್ಯಾಲೆ ಐತಿ, ನನ್ನ ಕೈಗೆ ನಿಲುಕೂದಿಲ್ಲ. ಯಾವ ಶಾಣ್ಯಾ ಹಾಕಿದ್ನೋ!’

‘ನಾನೇ ಹಾಕಿದ್ದು ಅಜ್ಜಿ,’ ವೇಣುಗೋಪಾಲ ಧೈರ್ಯವಾಗಿ ಹೇಳಿದ. ‘ನೀರು ಸಿಡೀಬಾರ್ದು ಅಂತ ಬೇಕಂತಲೇ ಎತ್ತರಕ್ಕೆ ಕೊಟ್ಟಿದ್ದು.’

‘ನೀ ಹಾಕೀಯೇನು?’ ಅಜ್ಜಿ ಅವನನ್ನೂ ಸ್ನೇಹಾರನ್ನೂ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಪಾಪ, ಅಪಘಾತ ನೆನೆದು ಅಳು ಬಂದಿರಬೇಕು ಎಂದುಕೊಂಡ.

ಸ್ನೇಹಾ ಲೋಟ ಕೆಳಗಿಟ್ಟರು.

‘ನೋಡಿ ವೇಣುಗೋಪಾಲ್, ಒಂದು ಮಾತು. ಯಾರೋ ಹುಡುಗ ಮಾಡಿ, ಸಹಿ ಮಾತ್ರ ನಿಮ್ದಾಗಿದ್ರೆ ಈಗ್ಲೇ ಹೇಳ್ಬಿಡಿ. ನಿಜ ಹೇಳಿದ್ರು ಅಂತ ನಾನೂ ಬರೀತೀನಿ. ಲೈಸೆನ್ಸ್ ಸ್ವಲ್ಪ ದಿನ ಅಮಾನತಾಗಬಹುದು, ಅಷ್ಟೇ. ಸುಳ್ಳು ಅಂತಾದ್ರೆ ಉಳಿಯಲ್ಲ.’

ಒಂದು ಗಳಿಗೆ ಅವನ ನಾಲಗೆಯ ತುದಿಗೆ ಚನ್ನುವಿನ ಹೆಸರು ಬಂತು. ಇನ್ನೊಂದು ಗಳಿಗೆಗೆ ಆ ಜಡೆಯಂಥ ವೈರುಗಳು ಕಣ್ಣಿಗೆ ಕಟ್ಟಿದವು. ಇಷ್ಟು ಒಳ್ಳೆಯ ಕೆಲಸವನ್ನು ಯಾರಾದರೂ ತನ್ನದಲ್ಲ ಎನ್ನುತ್ತಾರೆಯೇ? ಅಮಾನತಾದರೂ ಏಕೆ ಆಗಬೇಕು?

‘ಛೆ ಛೆ. ಒಂದೊಂದು ವೈರೂ ನಾನೇ ಎಳೆದದ್ದು ಮೇಡಂ. ಇಲ್ಲೇ ನಿಂತು, ನನ್ನ ಕೈಯಾರೆ.’

‘ಖಂಡಿತವಾಗ್ಲೂ?’

‘ನನ್ನ ಮಗಳ ಮೇಲಾಣೆ.’

‘ಆಣೆ ಬೇಡ. ಬರೆದುಕೊಡಿ.’

ಬರೆದ. ಈ ಮನೆಯ ವೈರಿಂಗನ್ನು ಖುದ್ದಾಗಿ ನಾನೇ ಮಾಡಿದ್ದೇನೆ. ಕೆಳಗೆ ಸಹಿ ಹಾಕಿದ. ಸ್ನೇಹಾ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದರು.

‘ನಡೀರಿ, ಜೀಪು ಹತ್ತಿ. ಇನ್ನೂ ಆ ಮನೆ ನೋಡೋದಿದೆ.’

‘ಯಾವ ಮನೆ ಮೇಡಂ?’

‘ಮುಸರ್ರತ್‌ಗೆ ಶಾಕ್ ಹೊಡೆದ ಮನೆ. ಇದು ನಮ್ಮನೆ.’