ಚಂದ್ರೋಜಿ ಬಿಟ್ಟುಕೊಟ್ಟ ಆಟ

ಚಂದ್ರೋಜಿಯ ಹೆಸರು ಕೇಳಿದರೆ ಸಾಕು, ದಾವಣಗೆರೆಯಲ್ಲಿ ಪಣ ಕಟ್ಟಿ ಪೂಲ್ ಆಡುವವರೆಲ್ಲ ಸ್ಟಿಕ್ಕನ್ನು ಗೋಡೆಗೆ ಒರಗಿಸಿ ಮನೆ ದಾರಿ ಹಿಡಿಯುತ್ತಿದ್ದರು. ಆ ಹೆಸರೇ ಈಗ ಅವನ ಅನ್ನಕ್ಕೆ ಕಲ್ಲು ಹಾಕಿತ್ತು. ಎದುರು ನಿಲ್ಲುವ ಗಂಡಸು ಒಬ್ಬನೂ ಉಳಿದಿರಲಿಲ್ಲ. ಅದಕ್ಕೇ ಮೀಸೆ ಬೋಳಿಸಿಕೊಂಡು, ಸಿಮೆಂಟ್ ಏಜೆಂಟ್ ಮಂಜಣ್ಣ ಎಂದು ಹೇಳಿಕೊಂಡು, ದೂರದ ಊರಿನ ಪೂಲ್ ಪಾರ್ಲರಿಗೆ ಬಂದಿದ್ದ.

ಅಲ್ಲಿ ಆಟಕ್ಕೆ ಸಿಕ್ಕವನು ಒಬ್ಬ ಬೊಜ್ಜಿನ ಆಸಾಮಿ. ಸ್ಟಿಕ್ಕನ್ನು ಕಸಬರಿಗೆಯಂತೆ ಹಿಡಿದಿದ್ದ. 'ಥೂ, ಇಂಥವನ ಕೈಲಿ ಸೋಲಬೇಕಲ್ಲ!' ಎಂದು ಚಂದ್ರೋಜಿಗೆ ಹೇಸಿಗೆಯಾಯಿತು. ಆದರೆ ಈ ಕಸುಬಿನ ರೀತಿಯೇ ಅದು. ಮೊದಲ ಆಟ ಬಿಟ್ಟುಕೊಟ್ಟು ಆಸೆ ಹಚ್ಚಬೇಕು, ಎರಡನೆಯದಕ್ಕೆ ಪಣ ಏರಿಸಿ ತಲೆ ಬೋಳಿಸಬೇಕು.

ಕಣ್ಣು ಮುಚ್ಚಿ ಹೊಡೆಯಬಹುದಾದ ಚೆಂಡುಗಳನ್ನೂ ಚಂದ್ರೋಜಿ ಬೇಕೆಂದೇ ತಪ್ಪಿಸಿದ. ಬೊಜ್ಜಿನವನು ತಿಣುಕಾಡುತ್ತ ಕೊನೆಗೂ ಕಪ್ಪು ಚೆಂಡನ್ನು ಮೂಲೆಯ ಪಾಕೆಟ್ಟಿಗೆ ಕೆಡವಿ ಆಟ ಗೆದ್ದ. ಸುತ್ತ ನಿಂತವರು ಕೇಕೆ ಹಾಕುತ್ತ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು.

"ಏನ್ ಕೈ ಸ್ವಾಮಿ ನಿಮ್ದು!" ಚಂದ್ರೋಜಿ ಹಲ್ಲು ಗಿಂಜಿದ. "ಇನ್ನೊಂದ್ ಆಟ ಆಗ್ಲಿ. ಹತ್ತರಷ್ಟು ಪಣ ಇಡ್ತೀನಿ."

"ಬ್ಯಾಡ ಬಿಡ್ರಿ."

"ಗೆದ್ದೋರು ಯಾರಾದ್ರೂ ಹೆದರ್ತಾರೇನ್ರಿ?"

ಬೊಜ್ಜಿನವನು ಗೆದ್ದ ದುಡ್ಡನ್ನು ಚಂದ್ರೋಜಿಯ ಜೇಬಿಗೇ ವಾಪಸ್ ತುರುಕಿದ.

"ಚಂದ್ರೋಜಿನ ಸೋಲಿಸ್ದೆ ಅಂತ ಹೇಳ್ಕೊಳ್ಳೋಕೆ ನಂಗೆ ಒಂದೇ ಆಟ ಸಾಕು."