ಗಂಟಿಲ್ಲದ ದಾರ

ಎಪ್ಪತ್ತೊಂಬತ್ತರ ಸೀಜನ್ ಮುಗಿದ ಮರುದಿನ ವಡಗಾವಿಯ ಲಕ್ಷ್ಮಪ್ಪ ತನ್ನ ಮೂವರು ಫಾರ್ವರ್ಡುಗಳನ್ನು ಮಗ್ಗದ ಖೋಲಿಯ ಮುಂದೆ ಸಾಲಾಗಿ ನಿಲ್ಲಿಸಿದ. ಕೈಯಲ್ಲಿ ಮೂರು ಕೆಂಪು ದಾರ ಹಿಡಿದಿದ್ದ. ಪಗಾರ ಕೊಟ್ಟು ಫುಟ್ಬಾಲ್ ಆಡಿಸುವ ಸೀರೆ ಮಾಲಕ ಆ ಓಣಿಯಲ್ಲಿ ಅವನೊಬ್ಬನೇ. ಪಗಾರ ಕೊಟ್ಟ ಮೇಲೆ ಆಟವೂ ಮಾಲೇ, ಮಾಲು ಅಂದ ಮೇಲೆ ಅದಕ್ಕೆ ನಂಬರು ಹಾಕಲೇಬೇಕು ಅನ್ನುವುದು ಅವನ ವಿಚಾರ.

ನಂಬರು ಹಾಕುವ ರೀತಿ ಅವನಿಗೆ ಒಂದೇ ಗೊತ್ತಿತ್ತು. ಸೀರೆಯನ್ನು ಬೆಳಕಿಗೆ ಹಿಡಿದು ನೋಡುವುದು, ಎಳೆ ತಪ್ಪಿದಲ್ಲೆಲ್ಲ ಅಂಚಿಗೆ ಕೆಂಪು ದಾರದ ಗಂಟು ಹಾಕುವುದು. ಗಂಟಿಲ್ಲದ್ದು ಒಂದನೇ ನಂಬರು. ಗಂಟು ಬಹಳ ಇದ್ದದ್ದು ಮೂರನೇ ನಂಬರು. ಫಾರ್ವರ್ಡುಗಳಿಗೂ ಹಾಗೇ ಮಾಡಿದ್ದ. ಇಡೀ ಸೀಜನ್ ಮೈದಾನದ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕೂತು, ಒಬ್ಬೊಬ್ಬನಿಗೆ ಒಂದೊಂದು ದಾರ ಇಟ್ಟುಕೊಂಡು, ಅವನು ಒದ್ದ ಚೆಂಡು ಗೋಲಿನ ಹೊರಗೆ ಹೋದಾಗೊಮ್ಮೆ ಒಂದು ಗಂಟು ಬಿಗಿದಿದ್ದ.

"ಭರಮಪ್ಪ, ಒಂದನೇ ನಂಬರು," ಅಂದ ಲಕ್ಷ್ಮಪ್ಪ. "ನೋಡ್ರಿ ಇವನ ದಾರ. ರೇಷ್ಮಿ ಇದ್ದಂಗ ಐತಿ. ಒಂದ ಗಂಟಿಲ್ಲ."

ಭರಮಪ್ಪ ನಾಚಿಕೊಂಡು ಕಾಲಬೆರಳಿಂದ ನೆಲ ಕೆರೆದ. "ಮಾಲಕರ, ನಾ ಗೋಲಿನ ಕಡೆ ಚೆಂಡ ಒದ್ದೇ ಇಲ್ರೀ."

"ಅದಕ್ಕ ಅಂತೀನಿ! ಸ್ವಚ್ಛ ಕೆಲಸ." ಹಣಮಪ್ಪನಿಗೆ ಎರಡನೇ ನಂಬರು ಕೊಟ್ಟು, ಕೊನೆಯ ದಾರವನ್ನು ಮೇಲೆತ್ತಿ ತೋರಿಸಿದ. ಅದು ದಾರವಾಗಿ ಉಳಿದಿರಲಿಲ್ಲ, ರುದ್ರಾಕ್ಷಿ ಸರದ ಹಾಗೆ ಕಾಣುತ್ತಿತ್ತು. "ನಾಗಲಿಂಗ, ಮೂರನೇ ನಂಬರು. ಏನಪಾ ಇದು? ಮುಂದಿನ ಆಯಿತವಾರ ಖಾನಾಪುರದಾಗ ಇನ್ನೊಂದ ಗಂಟ ಬಿದ್ದರ ಟೀಮು ಬಿಟ್ಟಿ ಅಂತ ತಿಳಿ. ಹೆಣ್ಣಮಕ್ಕಳ ಜೋಡಿ ಕುಂತು ಕಂಡಿಕಿಗೆ ನೂಲು ಸುತ್ತು."

ನಾಗಲಿಂಗನ ಮುಖ ಇಳಿಯಿತು. ಟೀಮಿನ ಗೋಲುಗಳನ್ನೆಲ್ಲ ಹೊಡೆದವನು ಅವನೇ. ಚಹಾ ತಂದ ಮಾಲಕನ ಹೆಂಡತಿ ಶಿವಬಸವ್ವನಿಗೂ ಅದು ಗೊತ್ತಿತ್ತು.

"ಅಲ್ರೀ, ಗೋಲು ಹೊಡೆದಿದ್ದಕ್ಕ ಏನ ಗುರ್ತ ಹಾಕೀರಿ?"

"ಅದಕ್ಯಾಕ ಗುರ್ತ? ಸೀರಿ ಚಲೋ ನೇಯ್ದಲ್ಲೆ ಯಾರರ ಗಂಟ ಹಾಕ್ತಾರೇನು? ಚಲೋ ನೇಯೂದು ಅವರ ಕೆಲಸ. ತಪ್ಪು ಹುಡುಕೂದು ನನ್ನ ಕೆಲಸ. ನೀ ಚಹಾ ಕೊಡು."

"ಹಂಗಾರ ನಿಮ್ಮ ಬೀಗರ ಮುಂದ ಈ ದಾರಾನ ತೋರಸ್ರಿ," ಅಂದು ಆಕೆ ಕಪ್ಪು-ಬಸಿ ಅಲ್ಲೇ ಇಟ್ಟು ಒಳಗೆ ಹೋದಳು.

ಬೀಗರ ಹೆಸರೆತ್ತಿದರೆ ಲಕ್ಷ್ಮಪ್ಪನಿಗೆ ಚಹಾ ಕಹಿಯಾಗುತ್ತಿತ್ತು. ಮಗಳನ್ನು ಕೊಟ್ಟದ್ದು ಖಾನಾಪುರದ ಗುರುಪುತ್ರಪ್ಪನವರ ಮನೆಗೆ. ಅವರದು ಹಂಚಿನ ಕಾರ್ಖಾನೆ, ಅವರದೂ ಒಂದು ಟೀಮು. ಹೋದ ವರ್ಷ ಅವರ ಕೈಲಿ ಸೋತದ್ದನ್ನು ಬೀಗರು ಮದುವೆಯ ಪಂಕ್ತಿಯಲ್ಲಿ, ಬುಂದಿ ಬಡಿಸುವವನನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿ ನಕ್ಕಿದ್ದರು. ಈಗ ಸೀಜನ್ ಮುಗಿದ ಮೇಲೂ ಆಯಿತವಾರ ಬೀಗರ ಟೀಮಿನ ಜೋಡಿ ಒಂದು ಮ್ಯಾಚು, ಮ್ಯಾಚು ಮುಗಿದ ಮೇಲೆ ಅವರ ಮನೆಯಲ್ಲೇ ಬಸುರಿ ಮಗಳ ಕುಬಸದ ಊಟ. ನೆಂಟರೆಲ್ಲ ಸೇರುವವರು. ಗೆದ್ದೇ ಪಂಕ್ತಿಗೆ ಕೂಡಬೇಕು.

ಆಯಿತವಾರ ಖಾನಾಪುರದ ಮೈದಾನ ಮಳೆಗೆ ಕೆಂಪು ರಾಡಿಯಾಗಿತ್ತು. ಬೀಗರಿಬ್ಬರೂ ಒಂದೇ ಛತ್ರಿಯ ಕೆಳಗೆ ಕೂತರು. ಲಕ್ಷ್ಮಪ್ಪ ಮೂರು ದಾರ ಹಿಡಿದು ಕಣ್ಣು ಕಿರಿದು ಮಾಡಿದ. ಚೆಂಡು ನಾಗಲಿಂಗನಿಗೆ ಬಂತು, ಅವನು ಹಣಮಪ್ಪನಿಗೆ ಕೊಟ್ಟ. ಹಣಮಪ್ಪ ಭರಮಪ್ಪನಿಗೆ ದಾಟಿಸಿದ. ಭರಮಪ್ಪ ಕೆಂಡ ತುಳಿದವನಂತೆ ಹಾರಿ ಅದನ್ನು ತಿರುಗಿ ನಾಗಲಿಂಗನಿಗೇ ಒಪ್ಪಿಸಿದ. ಅರ್ಧ ಆಟ ಮುಗಿದರೂ ಹೊಸ ಗಂಟು ಒಂದೂ ಬೀಳಲಿಲ್ಲ.

"ಹೆಂಗೈತ್ರಿ ಆಟ?" ಅಂದ ಲಕ್ಷ್ಮಪ್ಪ ಹೆಮ್ಮೆಯಿಂದ.

"ಭಾಳ ಮರ್ಯಾದಿ ಹುಡುಗರ್ರೀ," ಅಂದರು ಗುರುಪುತ್ರಪ್ಪ. "ನಮ್ಮ ಗೋಲಿಗೆ ಒಮ್ಮಿನೂ ತ್ರಾಸ ಕೊಡಲಿಲ್ಲ."

ಆಟ ಮುಗಿಯಲು ಬಂತು. ಎರಡೂ ಕಡೆ ಗೋಲಿಲ್ಲ. ಅಷ್ಟರಲ್ಲಿ ಖಾನಾಪುರದ ಗೋಲ್‌ಕೀಪರ್ ಚೆಂಡು ಹಿಡಿಯಲು ಮುಂದೆ ಓಡಿಬಂದವನು ಜಾರಿಬಿದ್ದ. ಅವನ ಮೇಲೆ ಅವರದೇ ಇಬ್ಬರು ಬಿದ್ದರು. ಚೆಂಡು ಉರುಳಿ ಹೋಗಿ ತೆರೆದ ಗೋಲಿನ ಮುಂದೆ, ಕೈಯಳತೆಯಲ್ಲಿ, ರಾಡಿಯಲ್ಲಿ ನಿಂತುಬಿಟ್ಟಿತು. ಅದರ ಸುತ್ತ ಮೂವರು ಫಾರ್ವರ್ಡುಗಳು.

"ಭರಮಣ್ಣಾ, ನೀ ಹೊಡಿ. ಒಂದನೇ ನಂಬರಿನಾಂವ," ಅಂದ ನಾಗಲಿಂಗ.

"ಒಲ್ಲೆಪಾ. ಕಾಲು ಜಾರಿದರ ನನ್ನ ದಾರ ಹೊಲಸಾಗತೈತಿ. ಹಣಮಾ, ನೀ ಹೊಡಿ."

"ನನಗ ಒಂದ ಗಂಟ ಬಿದ್ದರ ನಾನೂ ಮೂರನೇ ನಂಬರು. ನಾಗ್ಯಾ, ನಿನ್ನ ದಾರದಾಗ ಹೆಂಗೂ ಅದಾವಲ್ಲ."

"ಹೊಡೀರೋ!" ಲಕ್ಷ್ಮಪ್ಪ ಛತ್ರಿ ಬಿಟ್ಟು ಗೆರೆಯ ತನಕ ಓಡಿಬಂದ. "ನಾಗಲಿಂಗಾ, ಹೊಡಿಯೋ ನಮ್ಮಪ್ಪಾ!"

ನಾಗಲಿಂಗ ಚೆಂಡು ನೋಡಲಿಲ್ಲ. ಮಾಲಕನ ಕೈಯಲ್ಲಿದ್ದ ದಾರ ನೋಡಿದ. "ಹುಕಿ ಹೊರಗ ಹೋದರ ಯಾರ ಲೆಕ್ಕಕ್ರೀ, ಮಾಲಕರ?"

"ಲೆಕ್ಕಾ ಹಾಳಾಗ್ಲಿ! ನೋಡಿಲ್ಲೆ, ಎಲ್ಲಾ ಗಂಟ ಬಿಚ್ಚತೀನಿ!" ಅಂತ ಲಕ್ಷ್ಮಪ್ಪ ಉಗುರು ಹಾಕಿದ. ಬಿಚ್ಚಲಿಲ್ಲ. ನೇಕಾರ ಹಾಕಿದ ಗಂಟು, ಎಳೆದಷ್ಟೂ ಬಿಗಿಯಿತು. ದಾರವನ್ನು ಬಾಯಿಗಿಟ್ಟು ಹಲ್ಲಿನಿಂದ ಕೀಳತೊಡಗಿದ. ಅತ್ತ ಗೋಲ್‌ಕೀಪರ್ ಎದ್ದ, ಮೊಣಕಾಲಿನ ರಾಡಿ ಒರೆಸಿಕೊಂಡ, ನಿಧಾನಕ್ಕೆ ನಡೆದುಬಂದು ಮೂವರ ನಡುವೆ ಬಗ್ಗಿ ಚೆಂಡನ್ನು ಎತ್ತಿಕೊಂಡು ಹೋದ.

ಗುರುಪುತ್ರಪ್ಪನವರು ಹಿಂದಿನಿಂದ ಬಂದು ಬೀಗರ ತಲೆಯ ಮೇಲೆ ಛತ್ರಿ ಹಿಡಿದರು.

"ಹಲ್ಲು ಜ್ವಾಕಿ, ಬೀಗರ. ಊಟಕ್ಕ ಬೇಕಾಗ್ತಾವು."